ಗೋಧಿ ಬಿಡುವ ಮುನ್ನ ಒಂದು ರಕ್ತಪರೀಕ್ಷೆ

ಕರಾವಳಿಯ ತೆಕ್ಕಟ್ಟೆಯ ಕಡೆ ಹೊಟ್ಟೆಯ ಯಾವ ತೊಂದರೆಗೂ ಹೆಸರು ಒಂದೇ: ಗ್ಯಾಸ್ಟ್ರಿಕ್. ಈಚೆಗೆ ‘ಗ್ಲುಟೆನ್’ ಎಂಬ ಮಾತೂ ಮೊಬೈಲ್ ವಿಡಿಯೊಗಳ ಮೂಲಕ ಊರಿಗೆ ಬಂದಿದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಈ ಪ್ರೋಟೀನ್ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತದೆ. ಆಗ ಸಣ್ಣ ಕರುಳಿನ ಒಳಪದರ ಸವೆದು, ಉಂಡದ್ದು ಮೈಗೆ ಹತ್ತುವುದಿಲ್ಲ. ಇದೇ ಸೀಲಿಯಾಕ್ ಕಾಯಿಲೆ.

ತಪ್ಪು ಕಲ್ಪನೆ: ಕುಚ್ಚಲಕ್ಕಿ ಗಂಜಿ, ನೀರುದೋಸೆ ತಿನ್ನುವ ನಮಗೆ ಇದು ಬರುವುದಿಲ್ಲ.

ಸತ್ಯ: ಇದು ಅರ್ಧ ಸತ್ಯ. ಡಾ. ಬಿ. ಎಸ್. ರಾಮಕೃಷ್ಣ, ಡಾ. ಗೋವಿಂದ ಮಖಾರಿಯಾ ಮತ್ತು ಸಂಗಡಿಗರು ದೇಶದ ಮೂರು ಭಾಗಗಳಲ್ಲಿ 23,331 ವಯಸ್ಕರ ಅಧ್ಯಯನ ನಡೆಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಉತ್ತರದಲ್ಲಿ ಶೇ. 0.85, ಈಶಾನ್ಯದಲ್ಲಿ ಶೇ. 0.47, ದಕ್ಷಿಣದಲ್ಲಿ ಬರೀ ಶೇ. 0.01. ಆದರೆ ಕಾಯಿಲೆಗೆ ದಾರಿಮಾಡುವ ಡಿಕ್ಯೂ2, ಡಿಕ್ಯೂ8 ಜೀನ್‌ಗಳು ಉತ್ತರದವರಲ್ಲಿ ಶೇ. 38.1, ದಕ್ಷಿಣದವರಲ್ಲಿ ಶೇ. 36.4 ಮಂದಿಗೆ ಇದ್ದವು. ಊಟದಲ್ಲಿ ಮಾತ್ರ ಅಜಗಜಾಂತರ: ದಿನಕ್ಕೆ ಸರಾಸರಿ ಗೋಧಿ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಹಾಗೆಂದು ಗೋಧಿಯ ಪ್ರಮಾಣವೊಂದೇ ಕಾರಣ ಎನ್ನುವಂತಿಲ್ಲ. ಈಶಾನ್ಯದವರು ತಿನ್ನುತ್ತಿದ್ದುದೂ 37 ಗ್ರಾಂ ಅಷ್ಟೆ. ಅಂದರೆ ನಮ್ಮಲ್ಲಿ ಕಾಯಿಲೆ ಅಪರೂಪ, ಅಸಾಧ್ಯವಲ್ಲ. ಸಕ್ಕರೆ ಕಾಯಿಲೆಯ ನೆಪದಲ್ಲಿ ರಾತ್ರಿಯ ಅನ್ನದ ಜಾಗಕ್ಕೆ ಚಪಾತಿ ಬಂದಿರುವ ಕರಾವಳಿಯ ಮನೆಗಳು ಇದನ್ನು ತಿಳಿದಿರುವುದು ಒಳ್ಳೆಯದು.

ತಪ್ಪು ಕಲ್ಪನೆ: ಇದು ಮಕ್ಕಳ ಕಾಯಿಲೆ, ಭೇದಿ ಇಲ್ಲದಿದ್ದರೆ ಸೀಲಿಯಾಕ್ ಅಲ್ಲ.

ಸತ್ಯ: ಯಾವ ವಯಸ್ಸಿನಲ್ಲೂ ಕಾಣಿಸಿಕೊಳ್ಳಬಹುದು. ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಸವೆದ ಮೂಳೆ, ಎತ್ತರ ಬೆಳೆಯದ ಮಗು ಇವೂ ಅದರ ಲಕ್ಷಣಗಳೇ. ಟೈಪ್ 1 ಮಧುಮೇಹ ಇದ್ದವರಲ್ಲಿ, ಸೀಲಿಯಾಕ್ ಇರುವವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ: ಚಪಾತಿ ತಿಂದು ಹೊಟ್ಟೆ ಉಬ್ಬರಿಸಿದರೆ ಅದು ಸೀಲಿಯಾಕ್.

ಸತ್ಯ: ಗೋಧಿಯಲ್ಲಿ ಫ್ರಕ್ಟಾನ್ ಎಂಬ ಶರ್ಕರವೂ ಇದೆ. ಅದು ದೊಡ್ಡ ಕರುಳಿನಲ್ಲಿ ಹುದುಗಿ ವಾಯು ಹುಟ್ಟಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದೇ ಇರುವುದು. ಕರುಳಿನ ಒಳಪದರ ಸವೆದದ್ದು ಕಂಡರೂ ಅದು ಸೀಲಿಯಾಕೇ ಆಗಬೇಕಿಲ್ಲ. ದಕ್ಷಿಣ ಭಾರತದಲ್ಲಿ ವೆಲ್ಲೂರಿನ ವೈದ್ಯರು ದಶಕಗಳ ಕಾಲ ಅಧ್ಯಯನ ಮಾಡಿದ ಟ್ರಾಪಿಕಲ್ ಸ್ಪ್ರೂ ಕೂಡ ಹಾಗೆಯೇ ಕಾಣುತ್ತದೆ. ಅದಕ್ಕೆ ಮದ್ದು ಆ್ಯಂಟಿಬಯೋಟಿಕ್ ಮತ್ತು ಫೋಲಿಕ್ ಆಮ್ಲ, ಪಥ್ಯವಲ್ಲ.

ತಪ್ಪು ಕಲ್ಪನೆ: ಮೊದಲು ಗೋಧಿ ಬಿಟ್ಟು ನೋಡೋಣ, ಆಮೇಲೆ ಡಾಕ್ಟರು.

ಸತ್ಯ: ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದೇ. ಟಿಟಿಜಿ ಐಜಿಎ ರಕ್ತಪರೀಕ್ಷೆ ಹುಡುಕುವ ಪ್ರತಿಕಾಯಗಳು ಗೋಧಿ ಬಿಟ್ಟಮೇಲೆ ಇಳಿಯುತ್ತವೆ, ಕರುಳೂ ಮೆಲ್ಲಗೆ ಮಾಯುತ್ತದೆ. ಆಮೇಲೆ ಎಂಡೋಸ್ಕೋಪಿ ಮಾಡಿ ತುಣುಕು ತೆಗೆದರೂ ರೋಗ ಸಿಕ್ಕದೆ ಹೋಗಬಹುದು. ಖಚಿತಪಡಿಸಿಕೊಳ್ಳಲು ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ.

ತಪ್ಪು ಕಲ್ಪನೆ: ರೋಗ ಇದ್ದರೂ ಚಪಾತಿಯೊಂದನ್ನು ಬಿಟ್ಟರೆ ಸಾಕು, ಚೂರುಪಾರು ನಡೆಯುತ್ತದೆ.

ಸತ್ಯ: ನಡೆಯುವುದಿಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೂಡ ಕರುಳಿಗೆ ಹಾನಿ ಮಾಡಬಲ್ಲದು; ಒಂದು ಚಪಾತಿಯಲ್ಲಿ ಅದರ ಹತ್ತಾರು ಪಟ್ಟು ಇದೆ. ಗೋಳಿಬಜೆ, ಬನ್ಸ್ ಎರಡೂ ಮೈದಾ. ಸಜ್ಜಿಗೆಯ ರವೆ ಗೋಧಿಯದು. ಮನೆಯಲ್ಲಿ ಒತ್ತಿದ ಅಕ್ಕಿ ಶ್ಯಾವಿಗೆ ಸರಿ, ಅಂಗಡಿಯ ಪೊಟ್ಟಣದ್ದು ಹೆಚ್ಚಾಗಿ ಗೋಧಿಯದು. ಬಾರ್ಲಿ ನೀರು, ಬಾರ್ಲಿ ಮಾಲ್ಟ್ ಬೇಡ. ರಾಗಿ ಗಂಜಿಗೆ ತೊಂದರೆಯಿಲ್ಲ. ಡಬ್ಬಿಯ ಇಂಗಿಗೆ ಹಲವೊಮ್ಮೆ ಗೋಧಿಹಿಟ್ಟು ಬೆರೆಸಿರುತ್ತಾರೆ, ಚೀಟಿ ಓದಿ ಕೊಳ್ಳಬೇಕು. ನಮ್ಮ ಕಡೆಯ ರೋಗಿಗೆ ಒಂದು ಅನುಕೂಲವಿದೆ: ಕಡುಬು, ನೀರುದೋಸೆ, ಅಕ್ಕಿ ರೊಟ್ಟಿ, ಮೀನುಸಾರು ಎಲ್ಲವೂ ಪಥ್ಯದೊಳಗೇ ಬರುತ್ತವೆ.

ತಪ್ಪು ಕಲ್ಪನೆ: ಗೋಧಿ ಎಲ್ಲರಿಗೂ ವಿಷ.

ಸತ್ಯ: ಡಚ್ ಮಕ್ಕಳ ವೈದ್ಯ ವಿಲಂ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ಗೋಧಿಯಿಲ್ಲದ ಊಟದ ಗುಣ ತೋರಿಸಿದ್ದು ಸೀಲಿಯಾಕ್ ಮಕ್ಕಳಿಗೆ, ಊರಿಗೆಲ್ಲ ಅಲ್ಲ. ರೋಗವಿಲ್ಲದವರು, ಹಿಡಿಸುವುದಾದರೆ, ನಿಶ್ಚಿಂತೆಯಿಂದ ತಿನ್ನಬಹುದು.

ವಾಸಿಯಾಗದ ರಕ್ತಹೀನತೆ, ತೂಕ ಇಳಿಕೆ, ತಿಂಗಳುಗಟ್ಟಲೆ ಭೇದಿ ಇದ್ದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತ ಕೂರಬೇಡಿ. ಎಂದಿನ ಊಟವನ್ನೇ ಮಾಡುತ್ತ ವೈದ್ಯರನ್ನು ಕಾಣಿ, ಟಿಟಿಜಿ ಪರೀಕ್ಷೆಯ ಬಗ್ಗೆ ಕೇಳಿ. ಪಥ್ಯ ಶುರುವಾಗಬೇಕಾದ್ದು ಫಲಿತಾಂಶ ಕೈಗೆ ಬಂದ ಮೇಲೆ.