ಮೂರನೆಯ ದಿನದ ತುರಿಕೆ

ನಾನು ವೈದ್ಯನಲ್ಲ, ಸರಕಾರಿ ಕಚೇರಿಯೊಂದರಲ್ಲಿ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತ. ಆದರೂ ವೈದ್ಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಸಂಘದ ಬಂಧುಗಳ ಮುಂದಿಡಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ಊರಿನಿಂದ ತಂದೆತಾಯಿಗಳನ್ನು ಚಿಕಿತ್ಸೆಗೆಂದು ಪುಣೆಗೆ ಕರೆತರುವ ಮನೆಗಳು ನಮ್ಮಲ್ಲಿ ಅನೇಕ. ನಮ್ಮ ಮನೆಯಲ್ಲಿ ನಡೆದುದು ನಾಳೆ ಇನ್ನೊಬ್ಬರ ಮನೆಯಲ್ಲಿಯೂ ನಡೆಯಬಹುದು.

ಹೋದ ವರ್ಷ ದೀಪಾವಳಿಯಾದ ಮೇಲೆ ನಮ್ಮ ಅವ್ವ ಧಾರವಾಡದ ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದಳು. ಬಹುದಿನಗಳಿಂದ ಅವಳಿಗೆ ಹೊಟ್ಟೆನೋವು. ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಲು ಹೇಳಿದರು. ಸ್ಕ್ಯಾನ್ ಮಾಡುವಾಗ ಕೈಯ ರಕ್ತನಾಳಕ್ಕೆ ಒಂದು ಔಷಧವನ್ನು ಚುಚ್ಚಿದರು. ಅದಕ್ಕೆ ಕಾಂಟ್ರಾಸ್ಟ್ ಎಂದು ಹೆಸರು; ಜನರ ಬಾಯಲ್ಲಿ ಅದು ‘ಡೈ’. “ಮೈಯೆಲ್ಲಾ ಬೆಚ್ಚಗಾತಪಾ, ಬಾಯಾಗ ತಾಮ್ರದ ಬಿಲ್ಲಿ ಇಟ್ಟಂಗಾತು” ಎಂದಳು ಅವ್ವ. ಇದು ಎಲ್ಲರಿಗೂ ಆಗುವುದೇ ಎಂದು ಅಲ್ಲಿಯವರು ಸಮಾಧಾನ ಹೇಳಿ, ಅರ್ಧ ಗಂಟೆ ಕೂಡಿಸಿಕೊಂಡು ಮನೆಗೆ ಕಳಿಸಿದರು. ನಾವು ನಿಶ್ಚಿಂತರಾದೆವು.

ಮೂರನೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ಎಬ್ಬಿಸಿ, “ತಮ್ಮಾ, ರಾತ್ರಿಯೆಲ್ಲಾ ಮೈ ಕಡಿಯಾಕತ್ತೇತಿ ನೋಡು” ಎಂದಳು. ಎದೆ, ಬೆನ್ನು, ತೋಳುಗಳ ಮೇಲೆ ಕೆಂಪು ದದ್ದುಗಳೆದ್ದಿದ್ದವು. ಮನೆಯಲ್ಲಿ ವಿಚಾರಣೆ ಆರಂಭವಾಯಿತು. ಬದನೆಕಾಯಿ ನಂಜು ಎಂದಳು ನನ್ನ ಹೆಂಡತಿ. ಪುಣೆಯ ನೀರು ಒಗ್ಗಲಿಲ್ಲವೆಂದರು ಪಕ್ಕದ ಮನೆಯ ಕಾಕೂ. ಹಬ್ಬದ ಹೊಸ ಸೀರೆಯ ಗಂಜಿಯೆಂದು ನಾನು ತೀರ್ಪು ಕೊಟ್ಟೆ. ನಮ್ಮ ಬೀದಿಯ ಡಾಕ್ಟರರು “ಹೊಸದಾಗಿ ಏನಾದರೂ ಔಷಧ ತೆಗೆದುಕೊಂಡಿರಾ?” ಎಂದು ಕೇಳಿದಾಗ, ಇಲ್ಲವೆಂದೇ ಹೇಳಿದೆ. ಸ್ಕ್ಯಾನಿನ ಚುಚ್ಚುಮದ್ದೂ ಔಷಧವೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರು ಗುಳಿಗೆ, ಮುಲಾಮು ಕೊಟ್ಟರು. ಐದಾರು ದಿನಗಳಲ್ಲಿ ದದ್ದು ಇಳಿಯಿತು, ನಾವೂ ಮರೆತೆವು.

ಮರೆತುದೇ ತಪ್ಪು. ಎರಡು ತಿಂಗಳ ಮೇಲೆ ಅದೇ ಹೊಟ್ಟೆನೋವಿಗಾಗಿ ಇನ್ನೊಂದು ಸ್ಕ್ಯಾನ್ ಬೇಕಾಯಿತು. ಬೇರೊಂದು ಕಡೆಗೆ ಹೋದೆವು. ಅಲ್ಲಿ ಕೊಟ್ಟ ನಮೂನೆಯಲ್ಲಿ ‘ಹಿಂದೆ ಕಾಂಟ್ರಾಸ್ಟ್‌ನಿಂದ ತೊಂದರೆಯಾಗಿತ್ತೇ?’ ಎಂಬ ಪ್ರಶ್ನೆಯಿದ್ದಿತು. ಕಚೇರಿಯ ಅಭ್ಯಾಸದಂತೆ ‘ಇಲ್ಲ’ ಎಂದು ಗುರುತು ಹಾಕುತ್ತಿದ್ದಾಗ ನನ್ನ ಹೆಂಡತಿ ಕೈ ತಡೆದಳು: “ಅಂದಿನ ದದ್ದು ಸ್ಕ್ಯಾನ್ ಆದ ಮೂರನೇ ದಿನಕ್ಕೇ ಎದ್ದಿತ್ತಲ್ಲರೀ?” ಅಲ್ಲಿಯ ವೈದ್ಯರು ಈ ಮಾತನ್ನು ಹಗುರಾಗಿ ತೆಗೆದುಕೊಳ್ಳಲಿಲ್ಲ. “ಅಂದು ಕೊಟ್ಟ ಡೈಯ ಹೆಸರೇನು?” ಎಂದರು. ಹಳೆಯ ವರದಿಯಲ್ಲಿ ‘ಕಾಂಟ್ರಾಸ್ಟ್ ಕೊಡಲಾಗಿದೆ’ ಎಂದಷ್ಟೇ ಬರೆದಿದ್ದರು. ಕೊನೆಗೆ ಮನೆಗೆ ಓಡಿ, ಹಳೆಯ ಬಿಲ್ಲನ್ನು ಹುಡುಕಿ ಹೆಸರು ತಂದುಕೊಟ್ಟೆ. ಅವರು ಯೋಚಿಸಿ ಅವ್ವನಿಗೆ ಡೈ ಬೇಡದ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರು. ಅದರಿಂದಲೇ ಕೆಲಸವಾಯಿತು.

ಡೈ ಎಂದರೂ ಅದು ಬಣ್ಣವಲ್ಲ. ನೋಡಲು ನೀರಿನಂತೆ ತಿಳಿಯಾಗಿರುವುದು. ಕ್ಷ-ಕಿರಣಗಳಿಗೆ ಮೂಳೆ ಎದ್ದು ಕಾಣುವಂತೆ ರಕ್ತನಾಳ, ಕರುಳುಗಳು ಕಾಣುವುದಿಲ್ಲ. ಅಯೋಡಿನ್ ಭಾರವಾದ ಮೂಲವಸ್ತು. ಅದರ ಪರಮಾಣು ಸಂಖ್ಯೆ ೫೩. ಅದು ಕಿರಣಗಳನ್ನು ತಡೆಯುವುದರಿಂದ, ಅದನ್ನು ಸೇರಿಸಿದ ದ್ರಾವಣ ಹರಿದ ಭಾಗ ಚಿತ್ರದಲ್ಲಿ ಬೆಳ್ಳಗೆ ಮೂಡುವುದು. ೧೯೨೯ರಲ್ಲಿ ಅಮೆರಿಕದ ವೈದ್ಯ ಮೋಸೆಸ್ ಸ್ವಿಕ್ ಅವರು ಬರ್ಲಿನ್ನಿನಲ್ಲಿ ಇಂಥ ಔಷಧದಿಂದ ಮೂತ್ರಪಿಂಡಗಳ ಚಿತ್ರವನ್ನು ತೆಗೆದು ತೋರಿಸಿದರು. ಆದರೆ ಹಳೆಯ ಡೈಗಳು ರಕ್ತಕ್ಕಿಂತ ಬಹಳ ಸಾಂದ್ರವಾಗಿದ್ದು ನೋವನ್ನೂ ವಾಂತಿಯನ್ನೂ ತರುತ್ತಿದ್ದವು. ೧೯೬೯ರಲ್ಲಿ ಸ್ವೀಡನ್ನಿನ ಟೋರ್ಸ್ಟನ್ ಅಲ್ಮೇನ್ ಎಂಬ ವೈದ್ಯರು ಇದಕ್ಕೊಂದು ಉಪಾಯವನ್ನು ಸೂಚಿಸಿದರು. ಅವರ ದಾರಿಯಲ್ಲಿ ಬಂದ ಸೌಮ್ಯ ಡೈಗಳನ್ನೇ ಇಂದು ಕೊಡುವರು. ಮೂತ್ರಪಿಂಡ ಸರಿಯಾಗಿದ್ದವರಲ್ಲಿ ಒಂದು ದಿನದೊಳಗೆ ಹೆಚ್ಚುಕಡಿಮೆ ಎಲ್ಲವೂ ಮೂತ್ರದಲ್ಲಿ ಹೊರಟುಹೋಗುವುದು.

ಹೊರಟುಹೋದ ವಸ್ತು ಮೂರನೆಯ ದಿನ ಹೇಗೆ ಕಾಡೀತು? ಪ್ರತಿಕ್ರಿಯೆಗಳಲ್ಲಿ ಎರಡು ಬಗೆ. ಒಂದು, ಚುಚ್ಚಿದ ಕೆಲವೇ ನಿಮಿಷಗಳಲ್ಲಿ, ಅಥವಾ ಒಂದು ಗಂಟೆಯೊಳಗೆ ಕಾಣುವುದು. ಇದಕ್ಕಾಗಿಯೇ ಆಸ್ಪತ್ರೆಯಲ್ಲಿ ಕೂಡಿಸಿಕೊಳ್ಳುವರು. ಇನ್ನೊಂದು, ಒಂದು ಗಂಟೆಯಿಂದ ಒಂದು ವಾರದವರೆಗೆ ಯಾವಾಗಲಾದರೂ ಬರುವಂಥದು. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳಲ್ಲಿ ‘ಟಿ’ ಕಣಗಳೆಂಬ ಒಂದು ಜಾತಿಯಿದೆ. ಅವು ಡೈಯನ್ನು ಪರಕೀಯವೆಂದು ಗುರುತಿಸಿ, ನಿಧಾನವಾಗಿ ಸಂಖ್ಯೆ ಹೆಚ್ಚಿಸಿಕೊಂಡು ಚರ್ಮಕ್ಕೆ ಬಂದು ಸೇರಲು ದಿನಗಳು ಬೇಕು. ಹೊಸ ಡೈಗಳಿಂದ ಮೊದಲ ಬಗೆಯ ತೊಂದರೆ ಬಹಳ ಕಡಿಮೆಯಾಗಿದೆ. ಎರಡನೆಯದು ಹಾಗೆ ಕಡಿಮೆಯಾಗಿಲ್ಲ.

ಹೆದರಬೇಕಾಗಿಲ್ಲ. ಬಹುಜನರಿಗೆ ಏನೂ ಆಗುವುದಿಲ್ಲ. ಆದವರಲ್ಲಿಯೂ ಹೆಚ್ಚಿನವರಿಗೆ ತುರಿಕೆ, ದದ್ದು ಇಷ್ಟೇ. ಅದು ಸಾಮಾನ್ಯವಾಗಿ ಮೊದಲ ಮೂರು ದಿನಗಳಲ್ಲಿ ಎದ್ದು ಒಂದು ವಾರದಲ್ಲಿ ಇಳಿಯುವುದು. ಕೆಲವರಿಗೆ ಕೆನ್ನೆಯ ಕೆಳಗೆ ಮಂಗನಬಾವಿನಂತೆ ಜೊಲ್ಲುಗ್ರಂಥಿ ಊದಿಕೊಂಡು ತಾನೇ ಇಳಿಯುವುದುಂಟು. ಥೈರಾಯ್ಡ್ ದೋಷವಿರುವವರಲ್ಲಿ ಕೆಲವರಿಗೆ, ಡೈಯ ಅಯೋಡಿನ್ನಿನಿಂದ ಕೆಲವು ವಾರಗಳ ಮೇಲೆ ಎದೆಬಡಿತ, ನಡುಕ ಕಾಣಿಸಬಹುದು. ಆದರೆ ದದ್ದಿನೊಂದಿಗೆ ಜ್ವರ, ನೀರ್ಗುಳ್ಳೆ, ಚರ್ಮ ಸುಲಿಯುವುದು, ಬಾಯಿ ಕಣ್ಣುಗಳಲ್ಲಿ ಹುಣ್ಣು, ಮುಖದ ಬಾವು, ಉಸಿರಾಟದ ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದು ಅತಿ ವಿರಳ, ಆದರೆ ಪ್ರಾಣಾಂತಿಕವಾಗಬಲ್ಲದು.

ತಡವಾಗಿ ಬರುವ ತೊಂದರೆಯ ಕಾರಣವನ್ನು ಹಿಡಿಯುವುದು ಪಂಡಿತರಿಗೂ ಸುಲಭವಲ್ಲ. ಎಂ.ಆರ್.ಐ. ಪರೀಕ್ಷೆಗೆ ಬಳಸುವ ಡೈಯಲ್ಲಿ ಅಯೋಡಿನ್ ಅಲ್ಲ, ಗ್ಯಾಡೊಲಿನಿಯಂ ಎಂಬ ಲೋಹವಿರುವುದು. ೧೯೯೭ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡ ಕೆಟ್ಟಿದ್ದ ಕೆಲವು ರೋಗಿಗಳ ಚರ್ಮ ಹಲಗೆಯಂತೆ ಬಿಗಿದು, ಕೈಕಾಲು ಮಡಿಸಲಾಗದಂತಾಯಿತು. ಗ್ಯಾಡೊಲಿನಿಯಂ ಡೈಗೂ ಈ ರೋಗಕ್ಕೂ ನಂಟಿದೆಯೆಂದು ಯುರೋಪಿನ ವೈದ್ಯರು ತೋರಿಸಿಕೊಟ್ಟುದು ೨೦೦೬ರಲ್ಲಿ. ನಡುವೆ ಒಂಬತ್ತು ವರ್ಷಗಳು ಕಳೆದಿದ್ದವು! ಚುಚ್ಚಿದ ದಿನಕ್ಕೂ ಚರ್ಮ ಬಿಗಿದ ದಿನಕ್ಕೂ ವಾರ, ತಿಂಗಳುಗಳ ಅಂತರವಿದ್ದುದರಿಂದ ನಂಟು ಕಣ್ಣಿಗೆ ಬೀಳಲಿಲ್ಲ. ತಿಳಿದ ಮೇಲೆ ಮೂತ್ರಪಿಂಡವನ್ನು ಮೊದಲು ಪರೀಕ್ಷಿಸಿ, ಸುರಕ್ಷಿತವಾದ ಡೈಗಳನ್ನೇ ಆರಿಸತೊಡಗಿದರು. ಆ ರೋಗ ಈಗ ಬಹಳ ಅಪೂರ್ವವಾಗಿದೆ. ಅಂಥವರಿಗೇ ಒಂಬತ್ತು ವರ್ಷ ಹಿಡಿದಿರುವಾಗ, ನಾವು ಬದನೆಕಾಯಿಯನ್ನು ದೂರಿದುದರಲ್ಲಿ ಆಶ್ಚರ್ಯವೇನು?

ಕರಾವಳಿಯ ಬಂಧುಗಳಲ್ಲಿ ಒಂದು ನಂಬಿಕೆಯುಂಟು: ಸಿಗಡಿ ತಿಂದರೆ ಪಿತ್ತಗಂದೆ ಏಳುವವರಿಗೆ ಅಯೋಡಿನ್ ಡೈ ಕೂಡದು ಎಂದು. ಇದು ಸರಿಯಲ್ಲ. ಸಿಗಡಿಯಲ್ಲಿ ಒಗ್ಗದಿರುವುದು ಅದರ ಪ್ರೋಟೀನು, ಅಯೋಡಿನ್ ಅಲ್ಲ. ಅದಕ್ಕಾಗಿ ಬೇಕಾದ ಪರೀಕ್ಷೆಯನ್ನು ಬಿಡಬಾರದು. ನಿಜವಾಗಿ ಹೇಳಲೇಬೇಕಾದುದು, ಹಿಂದೆ ಡೈಯಿಂದಲೇ ತೊಂದರೆಯಾಗಿದ್ದರೆ ಆ ಸಂಗತಿ. ಒಮ್ಮೆ ದದ್ದೆದ್ದವರಿಗೆ ಅದೇ ಡೈಯನ್ನು ಮತ್ತೆ ಕೊಟ್ಟರೆ ಮತ್ತೆ ಏಳಬಹುದು. ಮೊದಲೇ ತಿಳಿದರೆ ವೈದ್ಯರು ಬೇರೆ ಡೈಯನ್ನೋ ಬೇರೆ ಪರೀಕ್ಷೆಯನ್ನೋ ಆರಿಸಬಲ್ಲರು.

ಆದುದರಿಂದ ನನ್ನ ಬಿನ್ನಹ ಇಷ್ಟೇ. ಸ್ಕ್ಯಾನ್ ಮುಗಿದೊಡನೆ ಡೈಯ ಹೆಸರು, ಪ್ರಮಾಣ, ದಿನಾಂಕಗಳನ್ನು ಬರೆಸಿಕೊಳ್ಳಿರಿ. ಒಂದು ವಾರ ಹಿರಿಯರ ಮೈಯನ್ನು ನೋಡುತ್ತಿರಿ. ಅವರು ಈ ಊರಿನ ಭಾಷೆಯಲ್ಲಿ ಡಾಕ್ಟರರಿಗೆ ಹೇಳಲಾರರು, ನಮಗೆ ಹೇಳಲೂ ಸಂಕೋಚಪಟ್ಟಾರು. ದದ್ದು ಎದ್ದರೆ ಫೋಟೋ ತೆಗೆದಿಟ್ಟು, ವೈದ್ಯರಿಗೆ ಸ್ಕ್ಯಾನಿನ ಸಂಗತಿಯನ್ನು ಮೊದಲು ಹೇಳಿರಿ. ೨೦೧೦ರಲ್ಲಿ ಆರಂಭವಾದ ಭಾರತದ ಔಷಧ ಸುರಕ್ಷತಾ ಕಾರ್ಯಕ್ರಮಕ್ಕೆ ರೋಗಿಗಳೂ ವರದಿ ಕೊಡಬಹುದು. ಅದರ ಉಚಿತ ದೂರವಾಣಿ ೧೮೦೦-೧೮೦-೩೦೨೪.

ಕಚೇರಿಯಲ್ಲಿ ಸಾವಿರ ಜನರ ಕಡತಗಳನ್ನು ಜೋಪಾನ ಮಾಡುವ ನಾನು ಹೆತ್ತವಳ ಒಂದು ಕಾಗದವನ್ನು ಜೋಪಾನ ಮಾಡಿರಲಿಲ್ಲ. ಈಗ ಮನೆಯಲ್ಲಿ ಅವ್ವನ ಹೆಸರಿನದೊಂದು ಕಡತವಿದೆ. ಅದರ ಮೊದಲ ಪುಟದಲ್ಲಿ ಆ ಡೈಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅದರ ಪ್ರತಿಯೊಂದನ್ನು ಊರಿನಲ್ಲಿರುವ ಅಣ್ಣನಿಗೂ ಕಳಿಸಿದ್ದೇನೆ. ಅವ್ವ ಊರಿಗೆ ಹೊರಟ ದಿನ ನಗುತ್ತ ಅಂದಳು: “ಪಾಪ, ಬದನೀಕಾಯಿ ಮ್ಯಾಲ ಸುಳ್ಳ ಅಪವಾದ ಹೊರಿಸಿದ್ವಿ ನೋಡು.”