ಬೋಟಿನ ಗೀಸರ್ ಹೊತ್ತದೆ ಇದ್ದದ್ದು ಒಳ್ಳೆಯದಾಯಿತು

ಜನವರಿಯ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಒಂದು ಸ್ಟವ್‌ನ ಬರ್ನರ್ ಬಿಚ್ಚಿಕೊಂಡು ಕೂತಿದ್ದೆ. ಇಂಗ್ಲೆಂಡಿನಿಂದ ತಂಗಿಯ ಮಗನ ವೀಡಿಯೊ ಕಾಲ್ ಬಂತು. ನಮಗೆ 12 ಗಂಟೆ, ಅವನಿಗೆ ಬೆಳಗ್ಗಿನ ಆರೂವರೆ. ಉಣ್ಣೆ ಟೊಪ್ಪಿ, ಮೈಗೆ ಸುತ್ತಿದ ಕಂಬಳಿ, ಮಾತಾಡಿದರೆ ಬಾಯಿಂದ ಬೀಡಿ ಸೇದಿದ ಹಾಗೆ ಹೊಗೆ.

“ಮಾಮ, ಬಿಸಿನೀರು ಬರ್ತಾ ಇಲ್ಲ. ವುಳೂ ಮಾಡ್ಲಿಕ್ಕೆ ಕೈ ಇಟ್ರೆ ಬೆರಳು ಉಂಟಾ ಇಲ್ವಾ ಅಂತ ಗೊತ್ತಾಗೂದಿಲ್ಲ.”

ಹುಡುಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವುದು. ರೂಮಿನ ಬಾಡಿಗೆ ಕೇಳಿ ತಲೆ ತಿರುಗಿ, ಇಬ್ಬರು ಗೆಳೆಯರ ಜೊತೆ ಕಾಲುವೆಯ ಮೇಲೆ ನಿಂತ ಒಂದು ಹಳೆ ಬೋಟಿನಲ್ಲಿ ವಾಸ. ನಮ್ಮ ಧಕ್ಕೆಯ ಟ್ರಾಲ್ ಬೋಟ್‌ ನೆನಪಿಸಿಕೊಳ್ಳಬೇಡಿ. ಇದು ‘ನ್ಯಾರೋ ಬೋಟ್’. ಅಗಲ ಏಳು ಅಡಿಗೂ ಕಮ್ಮಿ, ಉದ್ದ ಮಾತ್ರ ರೈಲಿನ ಬೋಗಿಯ ಹಾಗೆ. 18ನೇ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಕಾಲುವೆಗಳು ಅವು. ಕಾಲುವೆಯ ಲಾಕ್‌ಗಳು ಅಷ್ಟೇ ಅಗಲ ಇರುವುದರಿಂದ ಬೋಟೂ ಅಷ್ಟೇ. ಈಗ ಸಾವಿರಾರು ಜನ ಅದರಲ್ಲೇ ಮನೆ ಮಾಡಿಕೊಂಡಿದ್ದಾರೆ. ಮಲಗುವುದು, ಅಡುಗೆ, ಸ್ನಾನ ಎಲ್ಲ ಆ ಏಳಡಿಯ ಒಳಗೆ.

“ಗೀಸರ್ ತೋರಿಸು ನೋಡುವ” ಅಂದೆ. ತೋರಿಸಿದ. ನಗು ಬಂತು. ಬಂದರಿನಲ್ಲಿ 30 ವರ್ಷ ನಾನು ಬಿಚ್ಚಿ ಜೋಡಿಸಿದ ಅದೇ ಸಾಮಾನು! ಗೋಡೆಗೆ ನೇತಾಡುವ ಬಿಳಿ ತಗಡಿನ ಪೆಟ್ಟಿಗೆ, ಮಧ್ಯದಲ್ಲಿ ಉರಿ ನೋಡುವ ಕಿಂಡಿ. ಜಪಾನಿನ ಪಲೋಮಾ, ಇಂಗ್ಲೆಂಡಿನ ಮೋರ್ಕೋ, ಹೀಗೆ ಹೆಸರು ಬೇರೆ ಬೇರೆ. ಒಳಗಿನ ಕೆಲಸ ಹೆಚ್ಚು ಕಮ್ಮಿ ಒಂದೇ. ಒಂದೇ ವ್ಯತ್ಯಾಸ, ಅವನದ್ದರ ತಲೆಯಿಂದ ಒಂದು ಪೈಪು ಬೋಟಿನ ಮಾಡು ದಾಟಿ ಹೊರಗೆ ಹೋಗಿತ್ತು. ಚಿಮಣಿ. ನಮ್ಮಲ್ಲಿ ಅದು ಎಷ್ಟು ಮನೆಯಲ್ಲಿ ಉಂಟು?

“ಪೈಲಟ್ ಉರೀತಾ ಉಂಟಾ?”

“ಉಂಟು ಮಾಮ. ನಳ್ಳಿ ತಿರುಗಿಸಿದ್ರೆ ದೊಡ್ಡ ಬೆಂಕಿ ಬರೂದಿಲ್ಲ.”

ಆ ಒಂದು ಮಾತಿನಲ್ಲಿ ಅರ್ಧ ರಿಪೇರಿ ಮುಗಿಯಿತು. ಪೈಲಟ್ ಅಂದರೆ ಯಾವಾಗಲೂ ಉರಿಯುವ ಸಣ್ಣ ದೀಪ. ಅದು ನಿಂತಿದೆ ಅಂದರೆ ಗ್ಯಾಸ್ ಬರುತ್ತಿದೆ. ಅಲ್ಲಿ ಕೆಂಪು ಸಿಲಿಂಡರ್ ಪ್ರೊಪೇನ್, ನೀಲಿ ಸಿಲಿಂಡರ್ ಬ್ಯೂಟೇನ್. ಬ್ಯೂಟೇನ್ ಸೊನ್ನೆ ಡಿಗ್ರಿ ಚಳಿಗೆ ಆವಿಯೇ ಆಗುವುದಿಲ್ಲ. ಹಾಗಾಗಿ ಮೊದಲು ನನಗೆ ಸಿಲಿಂಡರ್ ಮೇಲೇ ಅನುಮಾನ ಇದ್ದದ್ದು. ಆ ಅನುಮಾನ ಹೋಯಿತು. ಥರ್ಮೋಕಪಲ್ ಕೂಡ ಸರಿ ಇದೆ. ಪೈಲಟಿನ ಬಿಸಿಗೆ 20-30 ಮಿಲಿವೋಲ್ಟ್ ಹುಟ್ಟಿಸಿ ಗ್ಯಾಸ್ ವಾಲ್ವನ್ನು ಹಿಡಿದಿಡುವ ತಾಮ್ರದ ಕಡ್ಡಿ ಅದು. ದೀಪ ನಂದಿದರೆ ಕಡ್ಡಿ ತಣಿದು ಗ್ಯಾಸ್ ತಾನಾಗಿ ಬಂದ್.

ಉಳಿದದ್ದು ನೀರಿನ ಬದಿ. ಈ ಗೀಸರಿನಲ್ಲಿ ಬೆಂಕಿ ಹೊತ್ತಿಸುವುದು ಹರಿಯುವ ನೀರು. ಒಳಗೆ ಅಂಗೈಯಷ್ಟು ಅಗಲದ ಒಂದು ರಬ್ಬರಿನ ಹಾಳೆ ಇದೆ, ಡಯಾಫ್ರಾಮ್. ನಾವು ಅಂಗಡಿಯಲ್ಲಿ ಬರೀ ‘ರಬ್ಬರ್’ ಅನ್ನುವುದು. ನೀರು ಹರಿದಾಗ ರಬ್ಬರಿನ ಒಂದು ಬದಿ ಒತ್ತಡ ಜಾಸ್ತಿ, ಇನ್ನೊಂದು ಬದಿ ಕಡಿಮೆ. ರಬ್ಬರ್ ಉಬ್ಬಿ ಒಂದು ಸಣ್ಣ ಪಿನ್ನನ್ನು ತಳ್ಳುತ್ತದೆ, ಪಿನ್ ಗ್ಯಾಸಿನ ದಾರಿ ತೆರೆಯುತ್ತದೆ. ನಳ್ಳಿ ನಿಲ್ಲಿಸಿದರೆ ರಬ್ಬರ್ ವಾಪಸ್, ಬೆಂಕಿಯೂ ಬಂದ್. ರಬ್ಬರ್ ಹಳೆಯದಾಗಿ ಒಂದು ಸೂಜಿ ತೂತು ಬಿದ್ದರೆ ಎರಡೂ ಬದಿಯ ಒತ್ತಡ ಸಮ ಆಗಿಬಿಡುತ್ತದೆ. ಪಿನ್ ಅಲ್ಲಾಡುವುದಿಲ್ಲ.

ಅದಕ್ಕಿಂತ ಮೊದಲು ಅವನೇ ನೋಡಬಹುದಾದ್ದು ಸ್ವಲ್ಪ ಇತ್ತು. ಬೋಟಿನಲ್ಲಿ ಓವರ್‌ಹೆಡ್ ಟ್ಯಾಂಕ್ ಎಲ್ಲಿಂದ? 12 ವೋಲ್ಟಿನ ಪಂಪು ನೀರು ದೂಡುವುದು. ಪಂಪಿನ ಜಾಲರಿಯಲ್ಲಿ ಕಸ ಕೂತರೆ, ಶವರಿನ ತೂತು ಸುಣ್ಣ ಕಟ್ಟಿದರೆ, ರಬ್ಬರ್ ಸರಿ ಇದ್ದೂ ಬೆಂಕಿ ಬರುವುದಿಲ್ಲ. ಜಾಲರಿ ತೊಳೆಸಿದೆ, ಶವರ್ ತಲೆ ಬಿಚ್ಚಿಸಿದೆ. ನೀರು ಚೆನ್ನಾಗಿ ಬಂತು, ಬೆಂಕಿ ಇಲ್ಲ. “ಕೆಳಗಿಂದ ನೀರು ತೊಟ್ಟಿಕ್ಕುತ್ತದಾ?” ಇಲ್ಲ ಅಂದ. ಸಮಾಧಾನ ಆಯಿತು. ರಾತ್ರಿಯ ಚಳಿಗೆ ಒಳಗಿನ ನೀರು ಮಂಜುಗಡ್ಡೆಯಾದರೆ ತಾಮ್ರದ ಪೈಪೇ ಸೀಳುತ್ತದೆ. ಚಳಿಗಾಲದಲ್ಲಿ ಬೋಟ್ ಬಿಟ್ಟು ಹೋಗುವವರು ಗೀಸರ್ ಖಾಲಿ ಮಾಡಿ ಹೋಗಬೇಕು.

“ಹಾಗಾದ್ರೆ ರಬ್ಬರ್ ಮಾಮ. ಸ್ಕ್ರೂಡ್ರೈವರ್ ಉಂಟು. ಹೇಳಿ, ನಾನೇ ಬಿಚ್ಚುತ್ತೇನೆ.”

“ಬಿಚ್ಚಬೇಡ” ಅಂದೆ. ಅವನಿಗೆ ಆಶ್ಚರ್ಯ. ನಾನು ಮನೆಮನೆಯಲ್ಲಿ ಹತ್ತು ನಿಮಿಷದಲ್ಲಿ ಮಾಡುವ ಕೆಲಸ. ಆದರೆ ಆ ರಬ್ಬರಿನ ಪೆಟ್ಟಿಗೆಗೆ ತಾಗಿಯೇ ಗ್ಯಾಸಿನ ವಾಲ್ವ್ ಕೂತಿದೆ. ಮನೆಯಲ್ಲಿ ಗ್ಯಾಸ್ ಸೋರಿದರೆ ಬಾಗಿಲು ತೆರೆದರೆ ಸ್ವಲ್ಪವಾದರೂ ಹೋಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಬೋಟಿನಲ್ಲಿ ಸೋರಿದ್ದು ನೆಲದಡಿಯ ಹೊಂಡಕ್ಕೆ ಇಳಿದು ನೀರಿನ ಹಾಗೆ ನಿಲ್ಲುತ್ತದೆ, ಹೊರಗೆ ಹರಿದುಹೋಗಲು ದಾರಿಯೇ ಇಲ್ಲ. ಅದಕ್ಕೇ ಅಲ್ಲಿ ವಾಸದ ಬೋಟಿನ ಗ್ಯಾಸ್ ಕೆಲಸಕ್ಕೆ ‘ಗ್ಯಾಸ್ ಸೇಫ್’ ನೋಂದಣಿ ಇದ್ದು, ಬೋಟಿನ ಎಲ್‌ಪಿಜಿ ಕಲಿತವನೇ ಬರಬೇಕು. “ಅವನ ಚಾರ್ಜು ಗೊತ್ತುಂಟಾ ಮಾಮ?” ಅಂತ ಸಿಡುಕಿದ. ಬೇಕಾದರೆ ನಾನು ಕಳಿಸುತ್ತೇನೆ ಅಂದೆ.

ಎರಡು ದಿನ ಬಿಟ್ಟು ಆ ಮನುಷ್ಯ ಬಂದ. ರಬ್ಬರೇ ಹೋಗಿತ್ತು, ಹೊಸದು ಹಾಕಿದ. ಬೆಂಕಿ ಹೊತ್ತಿತು. ಹುಡುಗರಿಗೆ ಖುಷಿ. ಅವನು ಮಾತ್ರ ಕಿಂಡಿಯಲ್ಲಿ ಬಗ್ಗಿ ನೋಡಿ ಗ್ಯಾಸ್ ಬಂದ್ ಮಾಡಿದನಂತೆ. ಉರಿ ನೀಲಿ ಇರಲಿಲ್ಲ, ಹಳದಿ. ಮುಚ್ಚಳ ತೆಗೆದರೆ ತಾಮ್ರದ ರೆಕ್ಕೆಗಳ ಎಡೆಯಲ್ಲಿ ಮಸಿ ಗಟ್ಟಿಯಾಗಿ ಕೂತಿದೆ. ಮಸಿ ತುಂಬಿದರೆ ಹೊಗೆ ಚಿಮಣಿಗೆ ಹೋಗದೆ ಕೋಣೆಗೇ ತಿರುಗುತ್ತದೆ. ಆಮೇಲೆ ಅವನು ಮಾಡು ನೋಡಿದ್ದಾನೆ. ಅಣಬೆಯ ಆಕಾರದ ಗಾಳಿಕಿಂಡಿಗಳು ಬೋಟಿನ ಮಾಡಿನಲ್ಲಿ, ಬಾಗಿಲಿನ ಕೆಳಗೂ ಕಿಂಡಿಗಳು. ನಮ್ಮ ಜಾಣರು ಚಳಿ ಅಂತ ಎಲ್ಲಕ್ಕೂ ಹಳೆ ಲುಂಗಿ ತುರುಕಿಸಿದ್ದರು!

ಕಾರ್ಬನ್ ಮೊನಾಕ್ಸೈಡ್ ಅಲಾರಂ? ಇತ್ತು. ಡ್ರಾವರಿನ ಒಳಗೆ, ಬ್ಯಾಟರಿ ತೆಗೆದು. ರಾತ್ರಿ ಕೀಚ್ ಕೀಚ್ ಅನ್ನುತ್ತದೆ, ನಿದ್ದೆ ಬರುವುದಿಲ್ಲ ಅಂತ. 2013ರಲ್ಲಿ ಅಲ್ಲಿನ ವಿಂಡರ್‌ಮಿಯರ್ ಸರೋವರದ ಬೋಟಿನಲ್ಲಿ ತಾಯಿ ಮಗಳು ಮಲಗಿದಲ್ಲೇ ತೀರಿಕೊಂಡಿದ್ದರು. ಅದು ಗೀಸರಿಂದ ಅಲ್ಲ, ಜನರೇಟರಿನ ಹೊಗೆಯಿಂದ. ವಿಷ ಮಾತ್ರ ಅದೇ. 2019ರ ಏಪ್ರಿಲ್ 1ರಿಂದ ಮಲಗುವ ವ್ಯವಸ್ಥೆ ಇರುವ ಬೋಟುಗಳಲ್ಲಿ ಈ ಅಲಾರಂ ಅಲ್ಲಿ ಕಡ್ಡಾಯ.

ಇನ್ನು ನನ್ನದೊಂದು ಹೇಳಬೇಕು. ಇದನ್ನು ತಂಗಿಗೂ ಹೇಳಿರಲಿಲ್ಲ.

ಸುಮಾರು ವರ್ಷದ ಹಿಂದೆ ಪರಿಚಯದ ಒಂದು ಮನೆಗೆ ಗ್ಯಾಸ್ ಗೀಸರ್ ಹಾಕಿದ್ದೆ. ಕೊತ್ತಳಿಗೆ ಉರಿಸಿ ಹಂಡೆ ಕಾಯಿಸುವ ಕಾಲ ಹೋಯಿತು, ಉಮ್ಮನವರಿಗೆ ಹೊಗೆಯ ಕಾಟ ತಪ್ಪಿತು ಅಂತ ಎಲ್ಲರೂ ಹೊಗಳಿದರು. ಐದಡಿ ಆರಡಿಯ ಬಚ್ಚಲು, ಒಳಗೇ ಗೀಸರ್, ಚಿಮಣಿ ಇಲ್ಲ, ಮೇಲೆ ಒಂದು ಗಾಜಿನ ಕಿಂಡಿ, ಅದೂ ಮುಚ್ಚಿದ್ದು. ಪೆರ್ನಾಲ್ ದಿನ ಬೆಳಗ್ಗೆ ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಮಿಂದಿದ್ದಾರೆ. ನಾಲ್ಕನೆಯದಾಗಿ ಹೋದ ಹುಡುಗಿ ಹೊರಗೆ ಬರಲಿಲ್ಲ. ಬಾಗಿಲು ಒಡೆದು ತೆಗೆದರು. ಬದುಕಿದಳು, ಅಲ್‌ಹಮ್ದುಲಿಲ್ಲಾಹ್. ನೋಂಬಿನ ಸುಸ್ತು ಅಂದರು, ಬಿಪಿ ಅಂದರು. ನಾನೂ ಹೌದು ಅಂದೆ. ಗ್ಯಾಸ್ ಸೋರಿದ ವಾಸನೆ ಇರಲಿಲ್ಲವಲ್ಲ!

ವಾಸನೆ ಬರುವುದು ಎಲ್‌ಪಿಜಿಗೆ, ಅದೂ ಕಂಪೆನಿಯವರು ಬೆರೆಸಿದ್ದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತಕ್ಕೆ ಅಂಟಿಕೊಳ್ಳುವುದರಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲ. ಮೊದಲು ತಲೆನೋವು, ಹೊಟ್ಟೆ ತೊಳಸುವುದು, ಕಾಲು ಸೋಲುವುದು. ಹೊರಗೆ ಬಂದರೆ ಕಡಿಮೆಯಾಗುತ್ತದೆ, ಹಾಗಾಗಿ ಯಾರೂ ಗೀಸರನ್ನು ದೂರುವುದಿಲ್ಲ. ನಮ್ಮ ದೇಶದ ನರರೋಗದ ಡಾಕ್ಟರುಗಳು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಅಂತ ಹೆಸರೇ ಇಟ್ಟಿದ್ದಾರೆ ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ಗೊತ್ತಾದ ವಾರವೇ ಆ ಮನೆಗೆ ಹೋಗಿ ಗೀಸರನ್ನು ಹಿಂದಿನ ಜಗಲಿಯ ಗೋಡೆಗೆ ತೆಗೆದು ಹಾಕಿದೆ, ಬಚ್ಚಲಿಗೆ ಪೈಪು ಮಾತ್ರ. ಹಣ ತೆಗೆದುಕೊಳ್ಳಲಿಲ್ಲ. ಯಾಕೆ ಅಂತ ಆ ಮನೆಯ ಕಾಕ ಕೇಳಿದರು, ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಚಾ ಕುಡಿದು ಹೋಗು ಅಂದರು. ಅಲ್ಲಿಂದೀಚೆಗೆ ಬಚ್ಚಲಿನ ಒಳಗೆ ಹಾಕಿ ಕೊಡಿ ಅಂದವರಿಗೆ ನಾನು ಆಗುವುದಿಲ್ಲ ಅಂದಿದ್ದೇನೆ. ಕೆಲವರು ಬೇರೆಯವರಿಂದ ಹಾಕಿಸಿಕೊಂಡಿದ್ದಾರೆ.

ಬೋಟಿನ ಗೀಸರಿನ ಮಸಿ ತೆಗೆದು, ಕಿಂಡಿಗಳನ್ನು ಬಿಡಿಸಿ, ಹೊಸ ಅಲಾರಂ ಗೋಡೆಗೆ ಹೊಡೆದ ಮೇಲೆಯೇ ಆ ಮನುಷ್ಯ ಗ್ಯಾಸ್ ತೆರೆದದ್ದು. ರಬ್ಬರ್ ಇನ್ನೊಂದು ತಿಂಗಳು ಗಟ್ಟಿ ಇದ್ದಿದ್ದರೆ ಮೂವರು ಹುಡುಗರು ಆ ಹಳದಿ ಬೆಂಕಿಯಲ್ಲೇ ಚಳಿಗಾಲ ಕಳೆಯುತ್ತಿದ್ದರು. ಸಂಜೆ ಫೋಟೋ ಬಂತು. ಕಿಂಡಿಯಲ್ಲಿ ಒಳ್ಳೆ ನೀಲಿ ಉರಿ. ಹಿಂದೆಯೇ ವಾಯ್ಸ್ ಮೆಸೇಜ್:

“ನೀರು ಬಿಸಿ ಉಂಟು ಮಾಮ. ಆದ್ರೆ ಆ ಕಿಂಡಿಯಿಂದ ಗಾಳಿ ಸೀದಾ ತಲೆಗೇ ಹೊಡೀತದೆ. ಒಂದನ್ನಾದ್ರೂ ಮುಚ್ಚಬಹುದಾ?”

ಇನ್ನೊಂದು ಸ್ವೆಟರ್ ತೆಗೊ ಅಂದೆ. ದುಡ್ಡು ಕಳಿಸಿದ್ದೇನೆ.