ಆಮ್ಲದ ಬಲ ಕುಸಿದರೆ ಕೆಡುವುದು ಪೆಟ್ರೋಲ್ ಮಾತ್ರವಲ್ಲ

ಕಲ್ಯಾಣಪುರದ ಸಂತೆಕಟ್ಟೆಯಿಂದ ಹೆದ್ದಾರಿ ಹಿಡಿದು ಮಂಗಳೂರಿಗೆ ಹೋಗಿಬರುವವರಿಗೆ ಸುರತ್ಕಲ್ ಪರಿಸರದ ತೈಲಾಗಾರ ಅಪರಿಚಿತವೇನಲ್ಲ. ಆದರೆ ಕಚ್ಚಾತೈಲವನ್ನು ಕಾಯಿಸಿ ಬೇರ್ಪಡಿಸಿದ ಮಾತ್ರಕ್ಕೆ ಇಂದಿನ ಪೆಟ್ರೋಲ್ ಸಿದ್ಧವಾಗದು ಎಂಬ ಸಂಗತಿ ಅನೇಕರಿಗೆ ತಿಳಿದಿರಲಾರದು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಯಲ್ಲಿರುವ ಬಿಎಸ್-6 ಮಾನದಂಡದಂತೆ ಪೆಟ್ರೋಲಿನ ಹತ್ತು ಲಕ್ಷ ಭಾಗಗಳಲ್ಲಿ ಗಂಧಕವು 10 ಭಾಗವನ್ನು ಮೀರಬಾರದು. ಬೆಂಜೀನ್ ಶೇ. 1ಕ್ಕೆ ಸೀಮಿತ. ಆಕ್ಟೇನ್ ಮಟ್ಟವೂ ತಗ್ಗುವಂತಿಲ್ಲ.

ಈ ಷರತ್ತುಗಳಿಗೆಲ್ಲ ಒಗ್ಗುವ ಮಿಶ್ರಣವಸ್ತುವೇ ಆಲ್ಕಿಲೇಟ್. ಗುಜರಾತಿನ ಜಾಮ್‌ನಗರದ ರಿಲಯನ್ಸ್ ತೈಲಾಗಾರದಲ್ಲಿ ಇದನ್ನು ತಯಾರಿಸುವ ಬೃಹತ್ ಘಟಕವಿದೆ. ಐಸೊಬ್ಯೂಟೇನನ್ನು ಬ್ಯೂಟೀನ್‌ನಂತಹ ಒಲೆಫಿನ್‌ಗಳೊಡನೆ ಬೆಸೆಯುವುದು ಇಲ್ಲಿನ ಕ್ರಿಯೆ. ಬೆಸೆಯುವ ಕೆಲಸ ಸಲ್ಫ್ಯೂರಿಕ್ ಆಮ್ಲದ್ದು. ಉಷ್ಣತೆಯನ್ನು ಸುಮಾರು 5ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಬೇಕು.

ಒಳಬರುವಾಗ ಶೇ. 98ರಷ್ಟಿರುವ ಆಮ್ಲ, ನೀರಿನಂಶ ಮತ್ತು ಆಮ್ಲದಲ್ಲಿ ಕರಗುವ ಎಣ್ಣೆ ಸೇರುತ್ತ ಹೋದಂತೆ ದುರ್ಬಲಗೊಳ್ಳುತ್ತದೆ. ಸುಮಾರು ಶೇ. 90ಕ್ಕೆ ಇಳಿದಾಗ ಅದನ್ನು ಹೊರತೆಗೆದು ಪುನರುತ್ಪಾದನೆಗೆ ಕಳುಹಿಸುವುದು ವಾಡಿಕೆ. ಬೇಗ ಹೊರಹಾಕಿದರೆ ಆಮ್ಲದ ವೆಚ್ಚ ಏರುತ್ತದೆ, ತಡಮಾಡಿದರೆ ಅಪಾಯ. ಬಲ ಇನ್ನಷ್ಟು ಕುಗ್ಗಿದೊಡನೆ ಒಲೆಫಿನ್‌ಗಳು ಐಸೊಬ್ಯೂಟೇನಿನ ಬದಲು ತಮ್ಮತಮ್ಮಲ್ಲೇ ಕೂಡಿಕೊಂಡು ಎಣ್ಣೆಯಾಗತೊಡಗುತ್ತವೆ. ಆ ಎಣ್ಣೆ ಆಮ್ಲವನ್ನು ಮತ್ತಷ್ಟು ತೆಳುವಾಗಿಸುತ್ತದೆ, ತೆಳುವಾದ ಆಮ್ಲ ಇನ್ನಷ್ಟು ಎಣ್ಣೆಯನ್ನು ಹುಟ್ಟಿಸುತ್ತದೆ. ಕುಸಿತ ತಾನಾಗಿ ನಿಲ್ಲುವಂಥದ್ದಲ್ಲ.

ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿ ತೋರುವ ಅಂಶ ಮತ್ತೊಂದಿದೆ. ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ತಣ್ಣಗಿರುವಾಗ ಸಾದಾ ಉಕ್ಕಿನ ಕೊಳವೆ ತಾಳಿಕೊಳ್ಳುತ್ತದೆ. ನೀರು ಬೆರೆತ ಆಮ್ಲವೇ ಉಕ್ಕನ್ನು ವೇಗವಾಗಿ ತಿನ್ನುತ್ತದೆ. ಅಂದರೆ ಬಲಗುಂದಿದ ಆಮ್ಲದಿಂದ ಉತ್ಪನ್ನವೂ ಕೆಡುತ್ತದೆ, ಕೊಳವೆಯೂ ಸವೆಯುತ್ತದೆ.

ಹೀಗಾಗಿ ಪ್ರಯೋಗಾಲಯದಲ್ಲಿ ಆಮ್ಲದ ಮಾದರಿಯನ್ನು ತೂಗಿ, ಕ್ಷಾರದೊಡನೆ ಟೈಟ್ರೇಷನ್ ಮಾಡಿ ಬಲವನ್ನು ಅಳೆಯಲಾಗುತ್ತದೆ. ಆದರೆ ಶೇ. 90 ಎಂಬ ಅಂಕಿಯಷ್ಟೇ ಸಾಲದು. ಉಳಿದ 10 ಭಾಗದಲ್ಲಿ ನೀರೆಷ್ಟು, ಎಣ್ಣೆಯೆಷ್ಟು ಎಂಬುದನ್ನು ಟೈಟ್ರೇಷನ್ ಹೇಳದು. ಒಂದೇ ಪ್ರಮಾಣದ ಎಣ್ಣೆಗಿಂತ ನೀರು ಆಮ್ಲದ ಚಟುವಟಿಕೆಯನ್ನು ಹೆಚ್ಚು ಕುಂದಿಸುತ್ತದೆ. ಆದುದರಿಂದ ನೀರನ್ನು ಪ್ರತ್ಯೇಕವಾಗಿ ಅಳೆಯುವುದು ಲೇಸು. ಎರಡು ಮಾದರಿಗಳ ನಡುವಿನ ಗಂಟೆಗಳಲ್ಲೇ ಕುಸಿತ ಆರಂಭವಾಗಬಹುದಾದ್ದರಿಂದ ಉಷ್ಣತೆಯ ಏರಿಕೆಯ ಮೇಲೂ ಸಿಬ್ಬಂದಿ ಕಣ್ಣಿಡಬೇಕಾಗುತ್ತದೆ. ಸೂಚನೆ ಕಂಡೊಡನೆ ಮೊದಲು ಒಲೆಫಿನ್ ಪೂರೈಕೆಯನ್ನು ನಿಲ್ಲಿಸಬೇಕು. ಐಸೊಬ್ಯೂಟೇನಿನ ಹರಿವನ್ನು ಮುಂದುವರಿಸಿ, ತಾಜಾ ಆಮ್ಲವನ್ನು ಸೇರಿಸುವುದು ಅದರ ನಂತರದ ಕ್ರಮ.